ಜ್ವರ ಮುಚ್ಚಿಡಬೇಡಿ
ನಮ್ಮ ಬೂದಿಗೆರೆಯಿಂದ ಕೆಂಪೇಗೌಡ ವಿಮಾನ ನಿಲ್ದಾಣ ದೂರವೇನಲ್ಲ. ಎಲ್ಲಿಯದೋ ರೋಗಾಣು ಒಂದೇ ದಿನದಲ್ಲಿ ಇಲ್ಲಿ ಬಂದಿಳಿಯಬಹುದು; ಅದರ ಮೊದಲ ಸುಳಿವನ್ನು ಯಾರಾದರೂ ಗಮನಿಸಬೇಕು. 2001ರಲ್ಲಿ ಅಮೆರಿಕದಲ್ಲಿ ದುಷ್ಕರ್ಮಿ ಅಂಚೆ ಲಕೋಟೆಗಳಲ್ಲಿ ಆಂಥ್ರಾಕ್ಸ್ ರೋಗಾಣುವಿನ ಪುಡಿ ಕಳಿಸಿದಾಗ 22 ಮಂದಿ ಕಾಯಿಲೆ ಬಿದ್ದರು, ಐವರು ಸತ್ತರು. ಅದರ ಮೊದಲ ಸುಳಿವು ಸಿಕ್ಕಿದ್ದು ಫ್ಲಾರಿಡಾದ ಆಸ್ಪತ್ರೆಯಲ್ಲಿ, ರೋಗಿಯ ಬೆನ್ನುಹುರಿಯ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರಿಗೆ. ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಹೊಸ ಕಾಯಿಲೆಯ ಸುಳಿವು ಕೊಟ್ಟದ್ದು ಸತ್ತುಬಿದ್ದ ಮಂಗಗಳು. ರೋಗಾಣುವನ್ನು ಯಾರಾದರೂ ಬೇಕೆಂದೇ ಹರಡಲಿ, ಅದು ತಾನಾಗಿಯೇ ಬರಲಿ, ಗಮನಿಸಬೇಕಾದ್ದು ಇಷ್ಟು: ಒಂದೇ ಕಡೆ ಹಲವರಿಗೆ ಒಟ್ಟಿಗೆ ಜ್ವರ, ಕಾಲವಲ್ಲದ ಕಾಲದಲ್ಲಿ ಕಾಯಿಲೆ, ಕುರಿ-ದನಗಳ ದಿಢೀರ್ ಸಾವು. ಆಶಾ ಕಾರ್ಯಕರ್ತೆ ಬಾಗಿಲಲ್ಲಿ ನಿಂತು “ಮನೇಲಿ ಯಾರಿಗಾದ್ರೂ ಜ್ವರ ಇದೆಯೇನಮ್ಮಾ?” ಎಂದಾಗ, ದಯವಿಟ್ಟು ಮುಚ್ಚಿಡದೆ ಹೇಳಿ.