ಬೃಹನ್ನಳೆಗೆ ಶಿಳ್ಳೆ ಸಾಕೇ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ಹಾರ್ಮೋನಿಯಂ ಸದ್ದಿನೊಂದಿಗೆ ಬೆಳಗಾಗುವವರೆಗೂ ಪೌರಾಣಿಕ ನಾಟಕ ನಡೆಯುವುದು ಇಂದಿಗೂ ಉಂಟು. ವಿದೇಶಗಳಲ್ಲಿ ‘ಮ್ಯೂಸಿಕಲ್’ ಎನ್ನುತ್ತಾರಲ್ಲ, ಅದು ನಮ್ಮಲ್ಲಿ ಇದೇ. ಈ ರಂಗದಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗೆ ಸಿಕ್ಕಿರುವ ಜಾಗ ಎಂಥದ್ದು?

ಕಥೆಯಲ್ಲಂತೂ ಜಾಗವಿದೆ. ವಿರಾಟನ ಅರಮನೆಯ ಬೃಹನ್ನಳೆ, ಭೀಷ್ಮನೆದುರು ನಿಂತ ಶಿಖಂಡಿ ನಮಗೆ ಹೊಸಬರಲ್ಲ. ಗಂಡಸರೇ ಸ್ತ್ರೀಪಾತ್ರ ಮಾಡುತ್ತಿದ್ದ ಕಾಲವೂ ಇತ್ತು. ಆದರೆ ಅದು ಹೆಂಗಸರಿಗೆ ರಂಗ ಮುಚ್ಚಿದ್ದರಿಂದ ಬಂದ ರೂಢಿ. ಅದನ್ನು ಸಮಾಜದ ಉದಾರತೆ ಎನ್ನಲಾಗದು. ನಾನು ನೋಡಿದ ನಾಟಕಗಳಲ್ಲಿ ಬೃಹನ್ನಳೆ ಬಂದ ಕೂಡಲೇ ಶಿಳ್ಳೆ, ನಗು. ಉತ್ತರನ ರಥ ನಡೆಸಿ ಕೌರವ ಸೇನೆಯೆದುರು ಹೋದದ್ದು ಇದೇ ಬೃಹನ್ನಳೆ ಎಂಬುದೇ ಮರೆತುಹೋಗುತ್ತದೆ. ‘ಶಿಖಂಡಿ’ ಎಂಬ ಹೆಸರಂತೂ ಕಾಲೇಜು ಕಾರಿಡಾರಿನಲ್ಲಿ ಬೈಗುಳ. ಮೆತ್ತಗೆ ಮಾತನಾಡುತ್ತಿದ್ದ ನನ್ನ ಸಹಪಾಠಿಯೊಬ್ಬ ಈ ಗೇಲಿಗೆ ಹೆದರಿ ನಾಟಕ ಬಿಟ್ಟ, ಮುಂದೆ ಕಾಲೇಜನ್ನೂ ಬಿಟ್ಟ.

ಹಳೆಯ ನಾಟಕವನ್ನು ಮತ್ತೆ ಆಡುವಾಗ ಹೊಸದಾಗಿ ಯೋಚಿಸಬಹುದು. 1970ರ ಬ್ರಾಡ್‌ವೇ ಮ್ಯೂಸಿಕಲ್ ‘ಕಂಪನಿ’ಯನ್ನು 2018ರಲ್ಲಿ ಲಂಡನ್ನಿನಲ್ಲಿ ಆಡಿದಾಗ, ಮದುವೆಗೆ ಹೆದರುವ ವಧುವಿನ ಪಾತ್ರವನ್ನು ಗಂಡಾಗಿಸಿ ಸಲಿಂಗಿ ಜೋಡಿಯನ್ನು ತೋರಿಸಿದರು. ನಮ್ಮಲ್ಲೂ ಪ್ರಯತ್ನಗಳಾಗಿವೆ. ಎ. ರೇವತಿಯವರ ಆತ್ಮಕಥೆಯನ್ನು ಹೆಗ್ಗೋಡಿನ ‘ಜನಮನದಾಟ’ ತಂಡ ಎಂ. ಗಣೇಶ್ ನಿರ್ದೇಶನದಲ್ಲಿ ‘ಬದುಕು ಬಯಲು’ ನಾಟಕವಾಗಿಸಿತು. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು.

ಕಾನೂನು ಇನ್ನೂ ಮುಂದೆ ಹೋಗಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗಿಗಳನ್ನು ಮಾನ್ಯ ಮಾಡಿತು. 2018ರಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2021ರಲ್ಲಿ ಕರ್ನಾಟಕವು ಸರ್ಕಾರಿ ನೇಮಕಾತಿಯಲ್ಲಿ ತೃತೀಯ ಲಿಂಗಿಗಳಿಗೆ ಶೇ 1ರಷ್ಟು ಮೀಸಲಾತಿ ನೀಡಿತು. ದೇಶದಲ್ಲೇ ಇದು ಮೊದಲು. ಉದ್ಯೋಗಾಕಾಂಕ್ಷಿಗಳಾದ ನಾವು ಇದನ್ನು ಸಾಮಾನ್ಯ ಜ್ಞಾನದ ಪ್ರಶ್ನೆಯೆಂದು ಬಾಯಿಪಾಠ ಮಾಡುತ್ತೇವೆ. ಆದರೆ ಆ ಹುದ್ದೆಗೆ ಅರ್ಜಿ ಹಾಕಲು ಪಿಯುಸಿಯೋ ಪದವಿಯೋ ಮುಗಿಸಿರಬೇಕು. ಗೇಲಿಗೆ ಬೇಸತ್ತು ಓದು ಬಿಟ್ಟವರಿಗೆ ಮೀಸಲಾತಿ ಸಿಗುವುದಾದರೂ ಹೇಗೆ? ರಂಗದ ಮೇಲಿನ ಅಗ್ಗದ ಹಾಸ್ಯವೇ ಇದಕ್ಕೆಲ್ಲ ಕಾರಣವಲ್ಲ. ಆದರೆ ಯಾರನ್ನು ನೋಡಿ ನಗಬಹುದು ಎಂಬುದನ್ನು ಮಕ್ಕಳು ಅಲ್ಲಿಯೂ ಕಲಿಯುತ್ತಾರೆ.

ಇದಕ್ಕಾಗಿ ಹಳೆಯ ಪದ್ಯಗಳನ್ನು ತಿದ್ದಬೇಕಿಲ್ಲ. ಬೃಹನ್ನಳೆಯನ್ನು ಘನತೆಯಿಂದ ಆಡಿಸಿದರೆ ಸಾಕು. ಆ ಪಾತ್ರಕ್ಕೆ ತೃತೀಯ ಲಿಂಗಿ ಕಲಾವಿದರನ್ನೇ ಕರೆದು, ಉಳಿದವರಷ್ಟೇ ಸಂಭಾವನೆ ಕೊಟ್ಟರೆ ಇನ್ನೂ ಒಳ್ಳೆಯದು. ನಮ್ಮ ಕಾಲೇಜು ರಂಗತಂಡಗಳು ಮುಂದಿನ ವಾರ್ಷಿಕೋತ್ಸವದಿಂದಲೇ ಇದನ್ನು ಶುರು ಮಾಡಬಹುದು.