ಫೋನ್ ಕಿತ್ಕೊಂಡ್ರೆ ಬೆದರಿಕೆ ನಿಲ್ಲುತ್ತಾ?

ತಾಳವಾಡಿ: ‘ಫೋಟೋ ಊರಿಗೆಲ್ಲಾ ಕಳಿಸ್ತೀನಿ.’ ಪ್ರೀತಿ ಅಂತ ಶುರುವಾದ ಸ್ನೇಹ ಮುರಿದಾಗ ಹುಡುಗಿಯ ಮೊಬೈಲಿಗೆ ಬರುವ ಈ ಸಾಲಿಗೆ ಎಷ್ಟೋ ಮನೆಗಳಲ್ಲಿ ಒಂದೇ ಉತ್ತರ: ಫೋನ್ ಕಿತ್ಕೋ, ಕಾಲೇಜು ಬಿಡಿಸು, ಗಂಡು ನೋಡು. ಬೆದರಿಸಿದವನು ಮಾತ್ರ ಆರಾಮಾಗಿರ್ತಾನೆ. ಮನೆಯಲ್ಲಿ ಹೇಳಿದರೆ ಶಿಕ್ಷೆ ತನಗೇ ಎಂದು ಗೊತ್ತಿರುವ ಹುಡುಗಿ ಬಾಯಿ ಬಿಡುವುದಿಲ್ಲ. ಅವನ ಬಂಡವಾಳವೇ ಈ ಮೌನ.

ಪಕ್ಕದ ಕೊಯಮತ್ತೂರು ಜಿಲ್ಲೆಯ ಪೊಳ್ಳಾಚಿಯಲ್ಲಿ ಆಗಿದ್ದೂ ಇದೇ. ಯುವತಿಯರ ಸ್ನೇಹ ಸಂಪಾದಿಸಿ, ಅತ್ಯಾಚಾರ ಎಸಗಿ, ವಿಡಿಯೋ ತೋರಿಸಿ ಬೆದರಿಸುತ್ತಿದ್ದ ಗುಂಪಿನ ಕೃತ್ಯ ಬಯಲಾಗಿದ್ದು 2019ರ ಫೆಬ್ರುವರಿಯಲ್ಲಿ, ಕಾಲೇಜು ವಿದ್ಯಾರ್ಥಿನಿಯೊಬ್ಬಳು ದೂರು ಕೊಟ್ಟ ಮೇಲೆ. 2025ರ ಮೇ 13ರಂದು ಕೊಯಮತ್ತೂರು ಮಹಿಳಾ ನ್ಯಾಯಾಲಯ 9 ಮಂದಿಗೂ ಸಾಯುವವರೆಗೆ ಜೈಲು ಶಿಕ್ಷೆ ವಿಧಿಸಿತು. ಸಂತ್ರಸ್ತೆಯರಿಗೆ ಒಟ್ಟು 85 ಲಕ್ಷ ರೂ. ಪರಿಹಾರಕ್ಕೂ ಆದೇಶಿಸಿತು.

ಯಾವ ಠಾಣೆ?

ಬೆಟ್ಟದ ಕನ್ನಡ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. ಜಿಲ್ಲಾ ಕೇಂದ್ರ ಈರೋಡಿಗೆ ಹೋಗಲು ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಆಸ್ಪತ್ರೆ, ನೆಂಟಸ್ತಿಕೆ ಅಂದ್ರೆ ಚಾಮರಾಜನಗರ ಹತ್ತಿರ. ಹುಡುಗಿ ಈ ಕಡೆ, ಹುಡುಗ ಆ ಕಡೆ ಆದಾಗ ‘ನಮ್ಮ ವ್ಯಾಪ್ತಿ ಅಲ್ಲ’ ಅಂದುಬಿಟ್ಟರೆ?

ಹಾಗನ್ನುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಸಂಜ್ಞೇಯ ಅಪರಾಧ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ‘ಜೀರೊ ಎಫ್‌ಐಆರ್’ ಅಂದ್ರೆ ಇದೇ. ಠಾಣೆಯಲ್ಲಿ ತಮಿಳು ಬರೆಯಬೇಕಾಗುತ್ತೆ ಎಂಬ ಅಂಜಿಕೆ ಇದ್ದರೆ, ಭಾಷೆ ಬಲ್ಲ ಶಿಕ್ಷಕಿಯನ್ನೋ ಸ್ವಸಹಾಯ ಸಂಘದವರನ್ನೋ ಜೊತೆಗೆ ಕರ್ಕೊಂಡು ಹೋಗಬಹುದು.

ಗಂಡುಮಕ್ಕಳ ಹೆತ್ತವರೂ ಕೇಳಬೇಕಾದ ಮಾತಿದೆ. ಫೋಟೋ ತೆಗೆಯಲು ಹುಡುಗಿ ಒಪ್ಪಿದ್ದರೂ ಅದನ್ನು ಹಂಚಲು ಒಪ್ಪಿದಂತಲ್ಲ. ಒಪ್ಪಿಗೆ ಇಲ್ಲದೆ ಹಂಚುವುದು ಅಪರಾಧ. ಹುಡುಗಿಗೆ 18 ತುಂಬಿರದಿದ್ದರೆ 2012ರ ಪೋಕ್ಸೊ, ಐಟಿ ಕಾಯ್ದೆಯ 67ಬಿ ಕಲಂ ಅನ್ವಯವಾಗುತ್ತವೆ. ‘ನಾನು ಬರೀ ಫಾರ್ವರ್ಡ್ ಮಾಡ್ದೆ’ ಅನ್ನುವ ಗೆಳೆಯನೂ ತಪ್ಪಿಸಿಕೊಳ್ಳಲಾಗದು.

ಏನು ಮಾಡಬೇಕು?

ದುಡ್ಡು ಕೊಡಬೇಡಿ, ಕೊಟ್ಟರೆ ಮತ್ತೆ ಕೇಳ್ತಾನೆ. ಮೆಸೇಜು ಅಳಿಸಬೇಡಿ. ಬೆದರಿಕೆಯ ಸ್ಕ್ರೀನ್‌ಶಾಟ್, ನಂಬರು, ದಿನಾಂಕ ಉಳಿಸಿಕೊಳ್ಳಿ. ಚಿತ್ರವನ್ನು ಮಾತ್ರ ಯಾರಿಗೂ ಕಳಿಸಬೇಡಿ. ಸೈಬರ್ ಅಪರಾಧಕ್ಕೆ 1930, ಮಕ್ಕಳಿಗೆ 1098, ಮಹಿಳೆಯರಿಗೆ 181 ಸಹಾಯವಾಣಿ ಇದೆ. ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮಹಿಳೆಯರು, ಮಕ್ಕಳ ವಿಷಯಕ್ಕೆ ಹೆಸರು ಹೇಳದೆಯೂ ದೂರು ಕೊಡಬಹುದು.

ಫೋನ್ ಕಿತ್ಕೊಂಡ್ರೆ ಫೋಟೋ ವಾಪಸ್ ಬರಲ್ಲ, ಸಾಕ್ಷಿ ಮಾತ್ರ ಹೋಗುತ್ತೆ. ‘ತಪ್ಪು ಅವನದು, ನಾವಿದ್ದೀವಿ’ ಎಂದು ಮಗಳಿಗೆ ಇವತ್ತೇ ಹೇಳಿಡಿ. ಬೆದರಿಕೆ ಬಂದ ದಿನ ಅವಳು ಮೊದಲು ನಿಮ್ಮ ಹತ್ರವೇ ಬರಬೇಕು.