ಕಡಲತಡಿಯ ಸಂಭ್ರಮ, ಅಡುಗೆಮನೆಯ ಕತ್ತಲು

ಶಾಲೆ-ಕಾಲೇಜುಗಳ ರಜೆ ಸಮೀಪಿಸಿದೊಡನೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಮ್ಮ ಕಥೋಲಿಕ ಮನೆಗಳಲ್ಲಿ ಗೋವೆಯ ಮಾತು ಏಳುತ್ತದೆ. ಲೋಕಾಪುರ, ಯರಗಟ್ಟಿ, ಬೆಳಗಾವಿಗಳನ್ನು ದಾಟಿ ಚೋರ್ಲಾ ಘಟ್ಟವನ್ನಿಳಿದರೆ ಅದೇ ದಿನ ಮುಟ್ಟಬಹುದಾದ ನಾಡು ಅದು. ಹಿರಿಯರ ಮನಸ್ಸು ಹಳೆಯ ಗೋವೆಯ ಬೊಮ್ ಜೀಸಸ್ ಮಹಾದೇವಾಲಯದ ಕಡೆಗಿದ್ದರೆ ಮಕ್ಕಳ ಮನಸ್ಸು ಕಲಂಗುಟ್, ಬಾಗಾ, ವಾಗಾತೋರ್‌ಗಳ ಕಡೆಗೆ. ಬೆಳಿಗ್ಗೆ ಸಂತ ಫ್ರಾನ್ಸಿಸ್ ಕ್ಸೇವಿಯರರ ಸನ್ನಿಧಿಯಲ್ಲಿ ಮೇಣದ ಬತ್ತಿ, ಸಂಜೆ ಕಡಲು ಎಂಬ ಒಪ್ಪಂದದ ಮೇಲೆ ವಾಹನ ಹೊರಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಈ ಒಪ್ಪಂದಕ್ಕೆ ಮೂರನೆಯ ಕಲಮೊಂದು ಸೇರಿಕೊಂಡಿದೆ. ಅದೇ ಬೀಚ್ ಕ್ಲಬ್ಬು: ಪ್ರವೇಶ ಶುಲ್ಕ ತೆತ್ತು ಒಳಹೊಕ್ಕರೆ ಈಜುಕೊಳ, ಮದ್ಯ, ನಡುರಾತ್ರಿ ಮೀರಿದ ಸಂಗೀತ ಮತ್ತು ಕುಣಿತ.

ಪ್ರವಾಸವನ್ನು ನಾವು ವಿರೋಧಿಸುವವರಲ್ಲ. ದಣಿದ ಶಿಷ್ಯರನ್ನು ಏಕಾಂತಕ್ಕೆ ಕರೆದೊಯ್ದು ವಿಶ್ರಮಿಸಿಕೊಳ್ಳಿರೆಂದವರು ಸ್ವತಃ ಪ್ರಭು ಯೇಸುವೇ. ಧರ್ಮಸಭೆಯೂ ಪ್ರವಾಸಿಗರ ಪಾಲನಾಸೇವೆಗೆಂದೇ 1969ರಷ್ಟು ಹಿಂದೆಯೇ ಮಾರ್ಗದರ್ಶಿಯೊಂದನ್ನು ಹೊರಡಿಸಿದೆ. ಉಡುಪು, ಕುಣಿತಗಳ ಬಗ್ಗೆ ಬುದ್ಧಿವಾದವನ್ನು ಯುವಜನರು ಸಾಕಷ್ಟು ಕೇಳಿದ್ದಾರೆ, ಅದಕ್ಕೆ ನಮ್ಮದೊಂದನ್ನು ಸೇರಿಸುವ ಉದ್ದೇಶ ನಮಗಿಲ್ಲ. ನಾವು ಹೇಳಹೊರಟಿರುವುದು ಆ ಸಂತೋಷವನ್ನು ನಮಗಾಗಿ ಸಿದ್ಧಪಡಿಸುವವರ ವಿಷಯ.

2025ರ ಡಿಸೆಂಬರ್ 6ರ ರಾತ್ರಿ, ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ ಕಳೆದು ಇನ್ನೂ ಮೂರೇ ದಿನ. ಬಾಗಾ ಕಡಲತಡಿಗೆ ಸಮೀಪದ ಅರ್ಪೋರಾ ಗ್ರಾಮದ ರಾತ್ರಿ ಕ್ಲಬ್ಬೊಂದರಲ್ಲಿ ಬೆಂಕಿ ಬಿದ್ದು 25 ಮಂದಿ ಅಸುನೀಗಿದರು. ಅವರಲ್ಲಿ ಪ್ರವಾಸಿಗರು ಐವರು ಮಾತ್ರ, ಉಳಿದ 20 ಮಂದಿಯೂ ಅಲ್ಲಿಯ ನೌಕರರು. ಅನೇಕರು ಸುಟ್ಟು ಸತ್ತವರಲ್ಲ, ನೆಲಮಾಳಿಗೆಯ ಅಡುಗೆಮನೆಯಿಂದ ಹೊರಬರಲು ದಾರಿ ಕಾಣದೆ ಹೊಗೆಯಲ್ಲಿ ಉಸಿರುಕಟ್ಟಿ ಸತ್ತವರು. ಝಾರ್ಖಂಡ, ಅಸ್ಸಾಂ, ಉತ್ತರಾಖಂಡ, ನೇಪಾಳಗಳಿಂದ ಹೊಟ್ಟೆಪಾಡಿಗೆ ಬಂದಿದ್ದ ತರುಣರು. ಓಣಿ ಇಕ್ಕಟ್ಟಾದುದರಿಂದ ಅಗ್ನಿಶಾಮಕ ವಾಹನಗಳು ದೂರದಲ್ಲೇ ನಿಲ್ಲಬೇಕಾಯಿತು. ಆ ಕಟ್ಟಡದ ಪರವಾನಗಿಗಳ ಬಗೆಗೆ ತಕರಾರುಗಳು ಮೊದಲೇ ಇದ್ದುವೆಂಬುದು ಬೆಂಕಿ ಆರಿದ ಮೇಲೆ ಎಲ್ಲರಿಗೂ ತಿಳಿಯಿತು. ಮೇಲೆ ಸಂಗೀತ ನಡೆದಿತ್ತು, ಕೆಳಗೆ ಒಲೆ ಉರಿಯುತ್ತಿತ್ತು. ಮೇಲಿದ್ದವರಲ್ಲಿ ಬಹುಪಾಲು ಜನ ಓಡಿ ಪಾರಾದರು, ಒಲೆಯ ಮುಂದಿದ್ದವರಿಗೆ ಅದು ಸಾಧ್ಯವಾಗಲಿಲ್ಲ.

ಈ ಸುದ್ದಿಯನ್ನು ಪರವೂರಿನ ಸುದ್ದಿಯೆಂದು ನಮ್ಮ ಭಾಗದವರು ಓದಿ ಮಡಚಿಡುವಂತಿಲ್ಲ. ಗೋವೆಯ ಕಟ್ಟಡಗಳಿಗೆ ಕಲ್ಲು ಹೊತ್ತವರು, ರಸ್ತೆಗಳಿಗೆ ಜಲ್ಲಿ ಹಾಕಿದವರು, ಹೋಟೆಲುಗಳ ಪಾತ್ರೆ ತಿಕ್ಕುವವರು ಯಾರೆಂದು ಕೇಳಿದರೆ ಉತ್ತರ ಕರ್ನಾಟಕದ ಹಳ್ಳಿಗಳ ಹೆಸರುಗಳೇ ಸಾಲಾಗಿ ಬರುತ್ತವೆ. ಅಂಜುನಾ, ಬಾಗಾಗಳ ಮರಳಿನ ಮೇಲೆ ಮಣಿಸರ, ಕಸೂತಿಯ ಚೀಲಗಳನ್ನು ಹೊತ್ತು ಬಿಸಿಲಲ್ಲಿ ಅಲೆಯುವ ಲಂಬಾಣಿ ಹೆಣ್ಣುಮಕ್ಕಳಲ್ಲಿ ಅನೇಕರು ನಮ್ಮ ಉತ್ತರ ಕರ್ನಾಟಕದ ತಾಂಡಾಗಳವರು. ವಿದೇಶಿಯರೊಡನೆ ಅವರು ಆಡುವ ಹರಕು ಇಂಗ್ಲಿಷನ್ನು ಕೇಳಿ ನಗುವ ನಮ್ಮವರು ಒಂದು ಸಲ 'ಯಾವೂರವ್ವಾ?' ಎಂದು ಕೇಳಿ ನೋಡಬೇಕು. ಮುಖ ಅರಳುವ ಬಗೆಯನ್ನು ಕಂಡವರಿಗೆ ಗೊತ್ತು. ಪರವಾನಗಿಯಿಲ್ಲದ ವ್ಯಾಪಾರವೆಂದು ಪೊಲೀಸರು ಅಟ್ಟುವುದು, 'ಘಾಂಟಿ' ಎಂದು ಸ್ಥಳೀಯರು ಮೂದಲಿಸುವುದು, ಮಳೆಗಾಲ ಹಿಡಿದೊಡನೆ ಊರಿಗೆ ಮರಳುವುದು, ಇವೆಲ್ಲ ಅವರ ಬದುಕಿನ ಭಾಗವೇ ಆಗಿಹೋಗಿವೆ. ಮೂದಲಿಸುವವರಲ್ಲಿ ನಮ್ಮ ಧರ್ಮದವರೂ ಇದ್ದಾರೆಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅದೇ ಬಾಯಿ ಭಾನುವಾರ ಪರಮಪ್ರಸಾದವನ್ನೂ ಸ್ವೀಕರಿಸುತ್ತದೆ.

ಆದರೂ ಸ್ಥಳೀಯರ ಸಂಕಟವನ್ನು ಅಲ್ಲಗಳೆಯುವಂತಿಲ್ಲ. ಪ್ರವಾಸಿಯ ಕಣ್ಣಿಗೆ ಕಲಂಗುಟ್ ಒಂದು 'ಬೀಚು', ಅಲ್ಲಿಯವರಿಗೆ ಅದು ಹುಟ್ಟಿದೂರು ಮತ್ತು ಧರ್ಮಕೇಂದ್ರ. ಅವಳಿ ಗೋಪುರಗಳ ಸಂತ ಅಲೆಕ್ಸರ ದೇವಾಲಯದಲ್ಲಿ ಜ್ಞಾನಸ್ನಾನ ಪಡೆದು ಮೀನು ಹಿಡಿದು, ಗದ್ದೆ ಮಾಡಿ, ಅಲ್ಲಿಯ ಮಣ್ಣಿಗೇ ಸೇರುತ್ತಿದ್ದ ತಲೆಮಾರುಗಳ ಊರು ಅದು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿವೆ. ಹಾಗಿದ್ದೂ ಅಂಜುನಾ, ವಾಗಾತೋರ್‌ಗಳ ನಿವಾಸಿಗಳು ನಿದ್ರೆಗಾಗಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಗಿ ಬಂದಿದೆ. ಮಲಗಲು ನ್ಯಾಯಾಲಯದ ಅಪ್ಪಣೆ ಬೇಕಾಗುವ ಊರಿನಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳು ರಾತ್ರಿಯನ್ನು ಹೇಗೆ ಕಳೆಯುತ್ತಾಳೆಂದು ಕುಣಿಯಲು ಹೋದವರು ಯೋಚಿಸುವುದುಂಟೆ?

ನೀರಿನ ದಂಡೆ ಯಾರ ಸ್ವತ್ತು ಎಂಬ ಪ್ರಶ್ನೆ ನಮ್ಮ ಭಾಗಕ್ಕೆ ಹೊಸದಲ್ಲ. ಸರಕಾರದ ದಾರಿ ಕಾದು ಸಾಕಾದ ಕೃಷ್ಣಾ ತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜನ್ನು ಕಟ್ಟಿ ನಿಲ್ಲಿಸಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಬಂದುದು ಸುಮ್ಮನೆ ಅಲ್ಲ. ಅಲ್ಲಿ ನಿಂತು ನೀರನ್ನು ನೋಡುವ ಯಾರಿಗೂ ಇದರ ಹಿಂದೆ ಬೆವರಿದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ, ಹೆಸರೇ ಹೇಳುತ್ತದೆ. ಗೋವೆಯ ಕಡಲ ಮರಳು ಸಹ ಸಾರ್ವಜನಿಕರದೇ. 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಜಾರಿಯಲ್ಲಿವೆ. ಬಿದಿರು-ಗರಿಗಳಿಂದ ಕಟ್ಟಿ, ಮಳೆಗಾಲಕ್ಕೆ ಮುನ್ನ ಕಳಚಿಡುವ 'ಶ್ಯಾಕ್' ಎಂಬ ಗುಡಿಸಲು ಹೋಟೆಲುಗಳು ಸ್ಥಳೀಯ ಕುಟುಂಬಗಳಿಗೆ ಅನ್ನ ಕೊಟ್ಟಿವೆ. ಅವುಗಳ ಪಕ್ಕದಲ್ಲೇ ದೊಡ್ಡ ಬಂಡವಾಳದ ಕಾಂಕ್ರೀಟು ಎದ್ದಿದೆ. ಅಲ್ಲಿಯ ಬೆವರಿಗೆ ಮಾತ್ರ ಯಾರೂ ಹೆಸರಿಟ್ಟಿಲ್ಲ.

ನಮ್ಮದು ಬೆಳಗಾವಿ ಧರ್ಮಕ್ಷೇತ್ರದ ಅಂಚಿನಲ್ಲಿ ಚದುರಿರುವ ಸಣ್ಣ ಸಮುದಾಯ. 'ಗೋವಾ ಅಂದ್ರ ನಿಮ್ಮ ಮಂದೀ ಊರಲ್ರೀ' ಎಂದು ನೆರೆಹೊರೆಯವರು ಸಲಿಗೆಯಿಂದ ಅನ್ನುತ್ತಾರೆ. ಕ್ರೈಸ್ತರೆಂದರೆ ಬಾಟಲಿ ಮತ್ತು ಕುಣಿತವೆಂದು ಹಳೆಯ ಹಿಂದಿ ಚಿತ್ರಗಳು ಕಲಿಸಿದ ಪಾಠ ಇನ್ನೂ ಪೂರ್ತಿ ಅಳಿಸಿಲ್ಲ. ಗೋವೆಗೆ ಹೋಗಿ ಬಂದ ನಮ್ಮ ಮಕ್ಕಳು ಕ್ಲಬ್ಬಿನ ಭಾವಚಿತ್ರಗಳನ್ನಷ್ಟೇ ತಂದು ತೋರಿಸಿದರೆ ಆ ಪಾಠವನ್ನು ನಾವೇ ಮತ್ತೆ ಬರೆದಂತಾಗುತ್ತದೆ. ಕಲಂಗುಟ್‌ನ ಭಾನುವಾರದ ಬಲಿಪೂಜೆಯಲ್ಲಿ ಒಮ್ಮೆ ಕುಳಿತು ಬಂದವರಿಗೆ ಹೇಳಲು ಬೇರೆಯದೇ ಇರುತ್ತದೆ. ಕೊಂಕಣಿ ತಿಳಿಯದಿದ್ದರೂ ಪೂಜೆ ತಿಳಿಯುತ್ತದಷ್ಟೆ.

ತಂದೆತಾಯಿಗಳು 'ಹೋಗಬೇಡಿ' ಎಂದು ಬಾಗಿಲು ಹಾಕಿದರೆ ಮಕ್ಕಳು ಹೇಳದೆ ಹೋಗುತ್ತಾರೆ. ಅದಕ್ಕಿಂತ ಜೊತೆಯಲ್ಲಿ ಕುಳಿತು ಕೆಲವು ವಿಷಯಗಳನ್ನು ತಿಳಿಸಿಕೊಡುವುದು ಲೇಸು. ಗೋವೆಯಲ್ಲಿ 21 ವರ್ಷ ತುಂಬದವರಿಗೆ ಮದ್ಯ ಕೊಡುವಂತಿಲ್ಲ. ಮರಳಿನ ಮೇಲೆ ಕುಳಿತು ಕುಡಿಯುವುದು, ಅಡುಗೆ ಮಾಡುವುದು, ಬಾಟಲಿ ಒಡೆಯುವುದು 2019ರ ತಿದ್ದುಪಡಿಯಿಂದ ದಂಡಾರ್ಹ ಅಪರಾಧ. ಯಾವುದೇ ಒಳಾಂಗಣವನ್ನು ಹೊಕ್ಕಾಗ ಹೊರಹೋಗುವ ಎರಡನೆಯ ಬಾಗಿಲೆಲ್ಲಿದೆಯೆಂದು ಮೊದಲು ನೋಡಿಕೊಳ್ಳಬೇಕು, ಕಾಣದಿದ್ದರೆ ಅಲ್ಲಿಯವರನ್ನು ಕೇಳಬೇಕು. ಕೇಳುವವರು ಹೆಚ್ಚಿದಂತೆ ಮಾಲೀಕರಿಗೂ ಉತ್ತರ ಸಿದ್ಧವಿಟ್ಟುಕೊಳ್ಳುವ ಅಗತ್ಯ ಹೆಚ್ಚುತ್ತದೆ. ಗಿರಾಕಿಯ ಆ ಒಂದು ಪ್ರಶ್ನೆ ಅಡುಗೆಯವನ ಜೀವವನ್ನೂ ಉಳಿಸೀತು. ತಟ್ಟೆ ತಂದಿಟ್ಟವನ ಹೆಸರನ್ನೂ ಊರನ್ನೂ ಕೇಳುವುದಕ್ಕೆ ಖರ್ಚೇನೂ ಇಲ್ಲ.

ಪುನರುತ್ಥಾನರಾದ ಪ್ರಭು ತಿಬೇರಿಯಾ ಕಡಲಿನ ದಂಡೆಯಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರಾತ್ರಿಯಿಡೀ ದುಡಿದು ಬಂದ ಬೆಸ್ತರಿಗೆ ತಾವೇ ಬಡಿಸಿದ ಪ್ರಸಂಗ ಸಂತ ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿದೆ. ಕಡಲತಡಿಯಲ್ಲಿ ಅಡುಗೆ ಮಾಡಿದವರು ಅಂದು ಅವರೇ. ಪ್ರವಾಸಕ್ಕೆ ಹೊರಡುವ ಹಿಂದಿನ ರಾತ್ರಿ ಮನೆಯ ಪ್ರಾರ್ಥನೆಯಲ್ಲಿ ಆ ಭಾಗವನ್ನು ಓದಿಕೊಳ್ಳಬಹುದು.

ನಮ್ಮ ನಾಲ್ಕು ತಾಲ್ಲೂಕುಗಳಿಂದ ಗೋವೆಯ ಹೋಟೆಲು, ಕಟ್ಟಡ, ಅಡುಗೆಮನೆಗಳಿಗೆ ದುಡಿಯಹೋದವರು ಯಾವ ಧರ್ಮದವರೇ ಆಗಿರಲಿ, ಅವರನ್ನು ಡಿಸೆಂಬರ್ 6ರ ಸಮೀಪದ ಭಾನುವಾರದ ಬಲಿಪೂಜೆಯಲ್ಲಿ, ಭಕ್ತಾದಿಗಳ ಪ್ರಾರ್ಥನೆಯ ವೇಳೆ ನೆನೆಯಬೇಕೆಂದು ಪೂಜ್ಯ ಗುರುಗಳನ್ನು ಕೋರುತ್ತೇವೆ. ಅರ್ಪೋರಾದ 25 ಮಂದಿಯ ಆತ್ಮಶಾಂತಿಗಾಗಿಯೂ ಅಂದು ಒಂದು ಬಿನ್ನಹ ಸಲ್ಲಲಿ.